ಕಡಿದಷ್ಟೂ ಹಬ್ಬುವ ಮಿಕಾನಿಯಾ ಬಳ್ಳಿ: ಎಲ್ಲಿಂದ ಬಂತು, ಏನು ಮಾಡಬಹುದು?

ಪ್ರಶ್ನೆ: ನಮ್ಮ ತೋಟದ ಬೇಲಿ ಪಕ್ಕ ಒಂದು ಬಳ್ಳಿ ಕಾಣಿಸಿಕೊಂಡು ಎರಡು ಮಳೆಗಾಲ ಆಯ್ತು. ಹೃದಯದ ಆಕಾರದ ಎಲೆ, ಮಳೆ ನಿಂತ ಮೇಲೆ ಬಿಳಿ ಹೂವಿನ ಗೊಂಚಲು. ಈಗ ಬಾಳೆಗಿಡಗಳ ಮೇಲೆಲ್ಲ ಹೊದ್ದುಕೊಂಡಿದೆ. ಸವರಿ ಹಾಕಿದರೆ ತಿಂಗಳೊಳಗೆ ಮೊದಲಿಗಿಂತ ಜಾಸ್ತಿ ಬರುತ್ತದೆ. ಇದು ಮಿಕಾನಿಯಾ, ಹೊರಗಿನಿಂದ ಬಂದ ಕಳೆ ಅಂತ ಕೆಲವರು ಹೇಳಿದರು. ಹುಟ್ಟಿದ ಜಾಗದಲ್ಲೂ ಇದು ಹೀಗೇ ಕಾಟ ಕೊಡುತ್ತಾ? ಇಷ್ಟು ದೂರ ಹೇಗೆ ಬಂತು? ಯಾವುದೋ ರೋಗ ಬಿಟ್ಟು ಇದನ್ನು ಸಾಯಿಸಬಹುದಂತೆ, ನಿಜವಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೆ ಹೋಗುವ ಮೊದಲು ನೀವು ಕೇಳದೇ ಇರುವ ಒಂದು ವಿಷಯ ಹೇಳಿಬಿಡುತ್ತೇನೆ. ಸವರಿದ ಬಳ್ಳಿಯನ್ನು ಏನು ಮಾಡುತ್ತಿದ್ದೀರಿ? ಅಲ್ಲೇ ಬಿಟ್ಟಿದ್ದರೆ, ಅಥವಾ ಬದಿಗೆ ರಾಶಿ ಹಾಕಿದ್ದರೆ, ನೀವು ಕಳೆ ತೆಗೆಯುತ್ತಿಲ್ಲ, ನಾಟಿ ಮಾಡುತ್ತಿದ್ದೀರಿ. ಈ ಬಳ್ಳಿ ಪ್ರತಿ ಗೆಣ್ಣಿನಿಂದಲೂ ಬೇರು ಬಿಡಬಲ್ಲದು. ಬೆರಳುದ್ದದ ಒಂದು ತುಂಡಿನಲ್ಲಿ ಒಂದು ಗೆಣ್ಣಿದ್ದು, ನೆಲ ಒದ್ದೆಯಾಗಿದ್ದರೆ ಸಾಕು. ಒಂದು ಬಳ್ಳಿ ಸವರಿದಾಗ ಅಂಥ ತುಂಡು ಎಷ್ಟು ಬೀಳುತ್ತವೆ ಅಂತ ನೀವೇ ಲೆಕ್ಕ ಹಾಕಿ.

ಆದರೂ ಮೊದಲು ಇದು ಮಿಕಾನಿಯಾವೇ ಹೌದಾ ಅಂತ ನೋಡಿಕೊಳ್ಳಬೇಕು. ಹೃದಯದ ಆಕಾರದ ಎಲೆ ಇರುವ ಬಳ್ಳಿಗಳು ಬೇಕಾದಷ್ಟಿವೆ. ಒಂದು ಕುಡಿ ಕಿತ್ತು ಕೈಯಲ್ಲಿ ಹಿಡಿಯಿರಿ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಇರಬೇಕು. ತೊಟ್ಟು ಉದ್ದ, ಎಲೆಯ ಅಂಚು ಅಲ್ಲಲ್ಲಿ ಒರಟಾಗಿ ಹಲ್ಲು ಹಲ್ಲು, ನರಗಳು ಎಲೆಯ ಬುಡದಿಂದಲೇ ಕವಲೊಡೆದಿರುತ್ತವೆ. ಕಾಂಡ ತೆಳ್ಳಗೆ, ಬೆರಳಾಡಿಸಿದರೆ ಉದ್ದುದ್ದ ಗೆರೆ ಸಿಗುತ್ತವೆ. ಹಿಡಿದುಕೊಳ್ಳಲು ಸುರುಳಿ ತಂತುಗಳಿಲ್ಲ. ಕಾಂಡವೇ ಸುತ್ತಿಕೊಂಡು ಹತ್ತುತ್ತದೆ. ಇನ್ನು ಗೆಣ್ಣನ್ನು ಬೆಳಕಿಗೆ ಹಿಡಿದು ನೋಡಿ. ಎರಡು ತೊಟ್ಟುಗಳ ನಡುವೆ ಬೆಳಕು ಹಾಯುವಷ್ಟು ತೆಳುವಾದ ಒಂದು ಪೊರೆ, ಅದರ ಅಂಚು ಹರಿದ ಹಾಗೆ ಎಳೆ ಎಳೆಯಾಗಿ ಕಾಣುತ್ತದೆ. ಹೂವಿನ ಕಾಲವಾದರೆ ಇನ್ನೂ ಸುಲಭ. ಗೊಂಚಲಿನಿಂದ ಒಂದು ಪುಟ್ಟ ಹೂ ಕಿತ್ತು ಬಿಡಿಸಿ. ಸೂರ್ಯಕಾಂತಿಯ ಬಳಗಕ್ಕೆ ಸೇರಿದ್ದಾದ್ದರಿಂದ ನಾವು ಹೂ ಅನ್ನುವುದರೊಳಗೆ ಇನ್ನೂ ಚಿಕ್ಕ ಹೂಗಳಿರುತ್ತವೆ. ಇದರಲ್ಲಿ ಸರಿಯಾಗಿ ನಾಲ್ಕು.

ಇಷ್ಟು ಹೇಳಲು ಕಾರಣ ಇದೆ. ಏಷ್ಯಾದ್ದೇ ಆದ ಇನ್ನೊಂದು ಮಿಕಾನಿಯಾ ಇದೆ, ಮಿಕಾನಿಯಾ ಕಾರ್ಡೇಟಾ ಅಂತ. ನೋಡಲು ಬಹುತೇಕ ಹಾಗೇ. ಆದರೆ ಅದು ಇದರಷ್ಟು ಹಾವಳಿ ಮಾಡುವುದಿಲ್ಲ. ಅದರ ಗೆಣ್ಣಿನಲ್ಲಿ ಈ ಹರಿದ ಪೊರೆ ಇರುವುದಿಲ್ಲ, ಬೀಜದ ಕುಚ್ಚು ಅಚ್ಚ ಬಿಳಿಯಾಗಿರದೆ ಸ್ವಲ್ಪ ಕೆಂಪು ಛಾಯೆಯಲ್ಲಿರುತ್ತದೆ. ಹಳೆಯ ಕೃಷಿ ಬರಹಗಳಲ್ಲಿ, ಒಣಗಿಸಿಟ್ಟ ಸಸ್ಯ ಸಂಗ್ರಹಗಳಲ್ಲಿ ಹೊರಗಿನ ಬಳ್ಳಿಯನ್ನು ಎಷ್ಟೋ ವರ್ಷ ಈ ಹೆಸರಿನಲ್ಲೇ ಬರೆದಿಟ್ಟಿದ್ದರು. ನಿಮ್ಮ ತೋಟದ್ದು, ವಿವರ ನೋಡಿದರೆ, ಮಿಕಾನಿಯಾ ಮೈಕ್ರಾಂಥ ಇರಬೇಕು.

ಹುಟ್ಟಿದ ಜಾಗದ ಮಾತಿಗೆ ಬರೋಣ. ಇದು ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಮೆಕ್ಸಿಕೊದಿಂದ ಹಿಡಿದು ಅರ್ಜೆಂಟೀನಾದ ಉತ್ತರ ಭಾಗದವರೆಗೆ, ಕೆರಿಬಿಯನ್ ದ್ವೀಪಗಳಲ್ಲೂ ಸಿಗುತ್ತದೆ. ಅಲ್ಲಿ ಹೊಳೆ ದಂಡೆ, ರಸ್ತೆ ಬದಿ, ಕಾಡಿನಲ್ಲಿ ಮರ ಬಿದ್ದು ಬಿಸಿಲು ಬಿದ್ದ ಕಡೆ ಬೆಳೆಯುತ್ತದೆ. ಅಲ್ಲಿನ ರೈತರೂ ಕಳೆ ಅಂತಲೇ ಕೀಳುತ್ತಾರೆ, ಆದರೆ ಮರಗಳನ್ನು ನುಂಗಿ ಹಾಕುವ ಭೂತ ಅಂತ ಯಾರೂ ಹೆದರುವುದಿಲ್ಲ. ಎಲೆ ತಿನ್ನುವ ಹುಳು, ರಸ ಹೀರುವ ಕೀಟ, ಶಿಲೀಂಧ್ರ, ಹೀಗೆ ಅದರ ಜೊತೆಯಲ್ಲೇ ಬೆಳೆದು ಬಂದ ಶತ್ರುಗಳ ದಂಡೇ ಅಲ್ಲಿದೆ. ಬಳ್ಳಿ ಕಡಲು ದಾಟಿದಾಗ ಈ ದಂಡು ಹಿಂದೆಯೇ ಉಳಿಯಿತು. ಹೊಸ ಜಾಗದ ಹುಳುಗಳಿಗೆ ಇದರ ಪರಿಚಯ ಇಲ್ಲ. ಅಷ್ಟೇ ಅಲ್ಲ, ಹೊಸ ಜಾಗಗಳಲ್ಲಿ ಅದಕ್ಕೆ ಸಿಕ್ಕಿದ್ದು ತೋಟ, ಕಡಿದ ಕಾಡು, ಹಾಳು ಬಿಟ್ಟ ಹೊಲ. ಎಲ್ಲ ಕಡೆ ಬಿಸಿಲು, ಎಲ್ಲ ಕಡೆ ಕೆದಕಿದ ಮಣ್ಣು. ಶತ್ರುಗಳಿಲ್ಲ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಜಾಗ ನಾವೇ ಹದ ಮಾಡಿಕೊಟ್ಟೆವು ಅನ್ನುವುದನ್ನು ಹೇಳುವವರು ಕಡಿಮೆ. ನನ್ನ ಪ್ರಕಾರ ಎರಡನೆಯದೇ ದೊಡ್ಡ ಕಾರಣ. ದಟ್ಟ ಕಾಡಿನ ನೆರಳಿನಲ್ಲಿ ಈ ಬಳ್ಳಿ ಪರದಾಡುತ್ತದೆ. ಬೀಜ ಮೊಳೆಯುವುದಕ್ಕೂ ಬೆಳಕು ಬೇಕು, ಕತ್ತಲಲ್ಲಿ ಬಹುಪಾಲು ಮೊಳೆಯುವುದೇ ಇಲ್ಲ.

ಇನ್ನು ಪ್ರಯಾಣದ ಕತೆ. ಭಾರತದ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಂ ಕಡೆಯ ವಿಮಾನ ನೆಲೆಗಳು ಮೇಲಿನಿಂದ ಕಾಣದಿರಲಿ ಅಂತ ಇದನ್ನು ಹಬ್ಬಿಸಿದರಂತೆ. ಚಹಾ ತೋಟಗಳಲ್ಲಿ ನೆಲ ಮುಚ್ಚಲು ತಂದರು ಅನ್ನುವವರೂ ಇದ್ದಾರೆ. ಕೇಳಲು ಯುದ್ಧದ ಕತೆಯೇ ಚೆನ್ನಾಗಿದೆ, ಅದಕ್ಕೇ ಅದು ಬೇಗ ಹಬ್ಬಿದೆ. ಅದಕ್ಕಿಂತ ಸ್ಪಷ್ಟವಾದ ದಾಖಲೆ ಇಂಡೋನೇಷ್ಯಾದ್ದು. 1949ರಲ್ಲಿ ಪರಾಗ್ವೆಯಿಂದ ಈ ಬಳ್ಳಿಯನ್ನು ಬೋಗೋರ್ ಸಸ್ಯೋದ್ಯಾನಕ್ಕೆ ತಂದರು. 1956ರಲ್ಲಿ ಅಲ್ಲಿಂದ ರಬ್ಬರ್ ತೋಟಗಳಿಗೆ ಹೋಯಿತು. ಮರಗಳ ನಡುವಿನ ನೆಲ ಬರಿದಾಗಿದ್ದರೆ ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದಲ್ಲ, ಅದನ್ನು ತಡೆಯಲು ಹೊದಿಕೆ ಬೆಳೆಯಾಗಿ. ಅಂದರೆ ಯಾರದೋ ಚಪ್ಪಲಿಗೆ ಅಂಟಿಕೊಂಡು ಕದ್ದು ಬಂದದ್ದಲ್ಲ. ಬೇಗ ಹಬ್ಬುತ್ತದೆ, ನೆಲ ಚೆನ್ನಾಗಿ ಮುಚ್ಚುತ್ತದೆ ಅಂತ ಆರಿಸಿ ತಂದದ್ದು. ಆರಿಸಿದ ಗುಣವೇ ಆಮೇಲೆ ತಲೆನೋವಾಯಿತು.

ಹಾಂಗ್‌ಕಾಂಗ್‌ನ ದಾಖಲೆ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿನ ಉದ್ಯಾನದಲ್ಲಿ 1884ರಲ್ಲೇ ಇದು ಇತ್ತು. 1919ರ ಹೊತ್ತಿಗೆ ಉದ್ಯಾನದ ಹೊರಗೆ ತಾನಾಗಿ ಬೆಳೆಯುತ್ತಿತ್ತು. ಆದರೆ ಪಕ್ಕದ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಗುಲ್ಲೆಬ್ಬಿಸಿದ್ದು 1980ರ ದಶಕದಿಂದ ಈಚೆಗೆ. ನೂರು ವರ್ಷದ ಹತ್ತಿರ ಹತ್ತಿರ ಸುಮ್ನೆ ಇದ್ದ ಹಾಗೆ ಇತ್ತು, ಆಮೇಲೆ ಒಮ್ಮೆಗೇ ಏರಿತು. ಕಳೆ ಸಸ್ಯಗಳಲ್ಲಿ ಇದು ಹೊಸದೇನಲ್ಲ. ಇಷ್ಟು ವರ್ಷ ಏನೂ ಮಾಡಿಲ್ಲ, ಮುಂದೂ ಮಾಡಲ್ಲ ಅನ್ನುವ ಲೆಕ್ಕ ಇಂಥ ಗಿಡಗಳ ವಿಷಯದಲ್ಲಿ ನಡೆಯುವುದಿಲ್ಲ. ನೇಪಾಳ, ಭಾರತದ ಈಶಾನ್ಯ ರಾಜ್ಯಗಳು, ಕೇರಳ, ಶ್ರೀಲಂಕಾ, ಮಲೇಷ್ಯಾ, ಪಪುವಾ ನ್ಯೂಗಿನಿ, ಫಿಜಿ ಮತ್ತು ಪೆಸಿಫಿಕ್‌ನ ಹಲವು ದ್ವೀಪಗಳಲ್ಲಿ ಈಗ ಇದು ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1998ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ 2009ರಲ್ಲಿ ಪತ್ತೆಯಾಯಿತು. ಆ ಎರಡು ಕಡೆ ಸರಕಾರಗಳು ಬೇಗ ಎಚ್ಚೆತ್ತುಕೊಂಡು, ಒಂದೊಂದು ತಾಣವನ್ನೂ ಹುಡುಕಿ ಕಿತ್ತು ಹಾಕುವ ಕೆಲಸಕ್ಕೆ ಇಳಿದವು. ಬಳ್ಳಿ ಕೆಲವೇ ಜಾಗದಲ್ಲಿದ್ದಾಗ ಮಾತ್ರ ಮಾಡಬಹುದಾದ ಕೆಲಸ ಅದು.

ಬೆಳೆಯುವ ವೇಗದ ಬಗ್ಗೆ ಉತ್ಪ್ರೇಕ್ಷೆ ಬಹಳ ಇದೆ, ನಿಜವಾದ ಅಂಕಿಯೇ ಸಾಕಷ್ಟು ಗಾಬರಿ ಹುಟ್ಟಿಸುತ್ತದೆ. ಎಳೆಯ ಕುಡಿ ದಿನಕ್ಕೆ 8ರಿಂದ 9 ಸೆಂಟಿಮೀಟರ್ ಬೆಳೆದದ್ದನ್ನು ಅಳೆದಿದ್ದಾರೆ. ಬೀಜದ ಲೆಕ್ಕ ಇನ್ನೂ ವಿಚಿತ್ರ. ಸಾವಿರ ಬೀಜ ತೂಗಿದರೆ 0.09 ಗ್ರಾಂ ಕೂಡ ಮುಟ್ಟುವುದಿಲ್ಲ. ಒಂದು ಗ್ರಾಂಗೆ ಹನ್ನೊಂದು ಸಾವಿರ ಬೀಜ! ಪ್ರತಿಯೊಂದಕ್ಕೂ ತಲೆಯ ಮೇಲೆ ಬಿಳಿ ಕೂದಲಿನ ಕುಚ್ಚು, ಗಾಳಿ ಬಂದರೆ ಹಾರಿತು. ಬಟ್ಟೆಗೆ, ಪ್ರಾಣಿಗಳ ಮೈಗೆ ಅಂಟಿಕೊಂಡೂ ಹೋಗುತ್ತದೆ. ಒಂದು ಗಿಡ ವರ್ಷಕ್ಕೆ 40,000ದಷ್ಟು ಬೀಜ ಕೊಡಬಲ್ಲದು. ಒಂದು ಸಮಾಧಾನ ಅಂದರೆ ಬೀಜದಿಂದ ಬಂದ ಸಸಿ ಮೊದಲ ಕೆಲವು ವಾರ ಬಹಳ ನಿಧಾನ. ಆಗ ಎರಡು ಬೆರಳಲ್ಲಿ ಕಿತ್ತು ಹಾಕಬಹುದು. ತುಂಡಿನಿಂದ ಬಂದ ಗಿಡಕ್ಕೆ ಈ ನಿಧಾನ ಇಲ್ಲ, ಅದು ಶುರುವಿನಿಂದಲೇ ಓಟ. ಅದಕ್ಕೇ ನಾನು ಮೊದಲು ತುಂಡಿನ ಮಾತೆತ್ತಿದ್ದು.

ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಅಂತ ಚೀನಾದ ವಿಜ್ಞಾನಿಗಳು ಇದರ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಮಾಹಿತಿ, ಓದಿ 2020ರಲ್ಲಿ ಪ್ರಕಟಿಸಿದರು. ಎಲೆಯಷ್ಟೇ ಅಲ್ಲ, ಹಸಿರು ಕಾಂಡವೂ ಆಹಾರ ತಯಾರಿಸುತ್ತದೆ, ರಾತ್ರಿ ಹೊತ್ತಿನಲ್ಲೂ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುವ ದಾರಿ ಅದಕ್ಕಿದೆ ಅನ್ನುವುದು ಅದರಲ್ಲಿ ಗೊತ್ತಾಯಿತು. ಜೊತೆಗೆ ಬೇರು, ಎಲೆಗಳಿಂದ ಹೊರಬೀಳುವ ಕೆಲವು ರಾಸಾಯನಿಕಗಳು ಅಕ್ಕಪಕ್ಕದ ಗಿಡಗಳ ಬೀಜ ಮೊಳೆಯದಂತೆ ಅಡ್ಡಿ ಮಾಡುತ್ತವೆ.

ಕೊಲ್ಲುವ ಬಗೆ ಮಾತ್ರ ಸರಳ. ಇದು ಮರದ ರಸ ಹೀರುವುದಿಲ್ಲ, ಒಳಗೆ ಬೇರು ಇಳಿಸುವುದೂ ಇಲ್ಲ. ಕಂಬಳಿ ಹೊದಿಸಿದ ಹಾಗೆ ಮೇಲೆ ಮುಚ್ಚುತ್ತದೆ, ಕೆಳಗಿನ ಗಿಡಕ್ಕೆ ಬಿಸಿಲು ಸಿಗುವುದಿಲ್ಲ. ಮಳೆ ನೀರು ನಿಂತಾಗ ಆ ಭಾರಕ್ಕೆ ಕೊಂಬೆಗಳೂ ಮುರಿಯುತ್ತವೆ. ಬಾಳೆ, ಕೋಕೋ, ಚಹಾ, ಎಣ್ಣೆ ತಾಳೆಯ ಎಳೆ ತೋಟ, ಕೆಸುವಿನ ಗದ್ದೆ, ಇವೆಲ್ಲ ಇದಕ್ಕೆ ಸುಲಭದ ತುತ್ತು. ಕಾಡಿನಲ್ಲೂ ಅಷ್ಟೇ. ನೇಪಾಳದ ಚಿತ್ವನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕೊಂಬಿನ ಘೇಂಡಾಮೃಗಗಳು ಮೇಯುವ ಹುಲ್ಲು, ಪೊದೆಗಳನ್ನೇ ಇದು ಮುಚ್ಚಿಹಾಕಿದೆ. ಶೆನ್‌ಜೆನ್ ಹತ್ತಿರದ ನೈಲಿಂಗ್‌ಡಿಂಗ್ ದ್ವೀಪ ಕೋತಿಗಳಿಗಾಗಿ ಕಾಯ್ದಿಟ್ಟ ಜಾಗ. ಅಲ್ಲಿನ ಮರಗಳ ಮೇಲೂ ಇದು ಹತ್ತಿ ಕೂತು ದೊಡ್ಡ ಸುದ್ದಿಯಾಯಿತು.

ಈಗ ನಿಮ್ಮ ರೋಗದ ಪ್ರಶ್ನೆ. ನಿಜ, ಅಂಥದ್ದೊಂದು ಇದೆ. ಪುಕ್ಸೀನಿಯಾ ಸ್ಪೆಗಜ್ಜಿನೀ ಅನ್ನುವ ತುಕ್ಕು ರೋಗದ ಶಿಲೀಂಧ್ರ. ಹಿಂದೆ ಒಂದು ನುಸಿಯನ್ನು, ಅಂದರೆ ಲಿಯೋಥ್ರಿಪ್ಸ್ ಮಿಕಾನಿಯೇ ಎಂಬ ಸಣ್ಣ ಥ್ರಿಪ್ಸ್ ಕೀಟವನ್ನು, 1988ರಲ್ಲಿ ಸೊಲೊಮನ್ ದ್ವೀಪಗಳಲ್ಲಿ, 1990ರಲ್ಲಿ ಮಲೇಷ್ಯಾದಲ್ಲಿ ಬಿಟ್ಟು ನೋಡಿದ್ದರು. ಅದು ನೆಲೆ ನಿಲ್ಲಲಿಲ್ಲ. ಆಮೇಲೆ ಗಮನ ಈ ತುಕ್ಕಿನ ಕಡೆ ತಿರುಗಿತು. ತುಕ್ಕು ರೋಗಗಳ ಗುಣ ಅಂದರೆ ಆಯ್ಕೆ ಬಹಳ ಕಟ್ಟುನಿಟ್ಟು. ಬದುಕಿರುವ ತನ್ನ ಗಿಡ ಬಿಟ್ಟು ಬೇರೆ ಕಡೆ ಅದು ಬೆಳೆಯುವುದಿಲ್ಲ. ಹಾಗಂತ ನಂಬಿ ಸುಮ್ಮನೆ ಬಿಡುವುದಿಲ್ಲ. ಬೆಳೆಗಳು, ಹತ್ತಿರದ ಸಂಬಂಧಿ ಗಿಡಗಳು, ಹೀಗೆ ಒಂದು ದೊಡ್ಡ ಪಟ್ಟಿಯ ಮೇಲೆ ಮುಚ್ಚಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, ಯಾವುದಕ್ಕೂ ತಗಲುವುದಿಲ್ಲ ಅಂತ ಖಚಿತವಾದ ಮೇಲೆಯೇ ಅನುಮತಿ.

ರೋಗ ಹತ್ತಿದ ಬಳ್ಳಿ ಹೀಗೆ ಕಾಣುತ್ತದೆ. ಮೊದಲು ಎಲೆಯ ಮೇಲೆ ಸಣ್ಣ ಹಳದಿ ಚುಕ್ಕೆ. ಎಲೆ ತಿರುಗಿಸಿದರೆ ಅದೇ ಜಾಗದಲ್ಲಿ ಕಂದು ಬಣ್ಣದ ಗುಳ್ಳೆಗಳು ಗುಂಪಾಗಿ ಎದ್ದಿರುತ್ತವೆ. ತೊಟ್ಟಿಗೆ, ಕಾಂಡಕ್ಕೆ ತಗುಲಿದರೆ ಆ ಭಾಗ ಊದಿ, ತಿರುಚಿಕೊಂಡು, ಬಿರಿಯುತ್ತದೆ. ಆ ಗಾಯದಿಂದ ಮೇಲಿನ ಬಳ್ಳಿ ಒಣಗುತ್ತದೆ. ಹೊಸ ಗುಳ್ಳೆಗಳಿಂದ ಹೊರಡುವ ಬೀಜಕಣಗಳು ಬಹಳ ಸೂಕ್ಷ್ಮ, ಗಾಳಿಯಲ್ಲಿ ತೇವ ಇದ್ದರೆ ಮಾತ್ರ ಬದುಕಿ ಪಕ್ಕದ ಬಳ್ಳಿ ತಲುಪುತ್ತವೆ. ಇದೇ ಅದರ ದುರ್ಬಲ ಜಾಗ.

ಭಾರತದಲ್ಲಿ ಟ್ರಿನಿಡಾಡ್‌ನಿಂದ ತಂದ ತಳಿಯನ್ನು 2005ರಲ್ಲಿ ಅಸ್ಸಾಂನಲ್ಲಿ, 2006ರಲ್ಲಿ ಕೇರಳದಲ್ಲಿ ಬಿಟ್ಟರು. ಬಿಟ್ಟ ಜಾಗದಲ್ಲಿ ಸ್ವಲ್ಪ ಕಾಣಿಸಿಕೊಂಡು ಮರೆಯಾಯಿತು, ನೆಲೆಯಾಗಲಿಲ್ಲ. ಒಣ ತಿಂಗಳುಗಳು ಅಡ್ಡ ಬಂದವು ಅನ್ನುವುದು ಸುಲಭಕ್ಕೆ ಹೊಳೆಯುವ ಕಾರಣ. ಎಲ್ಲ ಜಾಗದ ಬಳ್ಳಿಗೂ ಒಂದೇ ತಳಿ ತಗಲುವುದಿಲ್ಲ ಅನ್ನುವುದೂ ಪರೀಕ್ಷೆಗಳಲ್ಲಿ ಕಂಡಿತ್ತು. ಚೀನಾದಲ್ಲೂ 2006ರಲ್ಲಿ ಬಿಟ್ಟಿದ್ದು ಉಳಿಯಲಿಲ್ಲ. ಆದರೆ ಪಪುವಾ ನ್ಯೂಗಿನಿಯ ಕತೆಯೇ ಬೇರೆ. ಅಲ್ಲಿಗೆ ಈಕ್ವೆಡಾರ್ ಮೂಲದ ತಳಿ ಹೋಯಿತು, 2008ರ ಕೊನೆಗೆ ಬಿಡಲು ಶುರು ಮಾಡಿದರು. ಅಲ್ಲಿನ ಮಳೆ, ತೇವ ಅದಕ್ಕೆ ಒಗ್ಗಿತು. ಹಲವು ಪ್ರಾಂತ್ಯಗಳಲ್ಲಿ ನೆಲೆಯಾಗಿ, ತಾನಾಗಿಯೇ ಹರಡಿತು, ಬಳ್ಳಿಯ ಓಟಕ್ಕೆ ಕಡಿವಾಣ ಬಿತ್ತು. ತೈವಾನ್, ಫಿಜಿ, ವನುವಾಟುಗಳಲ್ಲೂ ಬಿಟ್ಟಿದ್ದಾರೆ.

ಇಂಥದ್ದು ಚೆನ್ನಾಗಿ ಗೆದ್ದ ಉದಾಹರಣೆ ಬೇಕೆಂದರೆ ಇನ್ನೊಂದು ಬಳ್ಳಿಯ ಕಡೆ ನೋಡಬೇಕು. ಮಡಗಾಸ್ಕರ್‌ನ ರಬ್ಬರ್ ಬಳ್ಳಿ, ಕ್ರಿಪ್ಟೊಸ್ಟೀಜಿಯಾ. ಅಂದದ ಹೂವಿಗಾಗಿ ತಂದದ್ದು ಕ್ವೀನ್ಸ್‌ಲ್ಯಾಂಡ್‌ನ ಹೊಳೆ ದಂಡೆಗಳನ್ನೆಲ್ಲ ಆವರಿಸಿತ್ತು. 1995ರಲ್ಲಿ ಮಡಗಾಸ್ಕರ್‌ನದೇ ತುಕ್ಕು ರೋಗ ಬಿಟ್ಟ ಮೇಲೆ ವರ್ಷ ವರ್ಷವೂ ಎಲೆ ಉದುರಿ, ಹೂ ಬೀಜ ಕಡಿಮೆಯಾಗಿ, ಹೊಸ ಸಸಿಗಳೇ ಅಪರೂಪವಾದವು. ಅಲ್ಲೂ ಬಳ್ಳಿ ಅಳಿದು ಹೋಗಲಿಲ್ಲ, ಸೊರಗಿತು. ಜೈವಿಕ ನಿಯಂತ್ರಣದಿಂದ, ಅಂದರೆ ಕಳೆಯ ಮೇಲೆ ಅದರ ಶತ್ರು ಜೀವಿಯನ್ನೇ ಬಿಡುವುದರಿಂದ, ಇಷ್ಟೇ ನಿರೀಕ್ಷೆ ಮಾಡಬೇಕು. ಮತ್ತೆ, ಇದು ನೀವು ಎಲ್ಲಿಂದಲೋ ರೋಗದ ಎಲೆ ತಂದು ತೋಟಕ್ಕೆ ಹಾಕುವ ಕೆಲಸ ಖಂಡಿತ ಅಲ್ಲ. ಹೊರಗಿನ ಶಿಲೀಂಧ್ರ ತರುವುದಕ್ಕೆ ಸರಕಾರದ ಅನುಮತಿ ಬೇಕು. ಕಸ್ಕ್ಯೂಟಾ ಅನ್ನುವ ಹಳದಿ ದಾರದಂಥ, ಎಲೆಯಿಲ್ಲದ ಬಳ್ಳಿ ಮಿಕಾನಿಯಾವನ್ನು ಹೀರಿ ಸಾಯಿಸುತ್ತದೆ ಅಂತ ಚೀನಾದಲ್ಲಿ ಪ್ರಯೋಗ ಮಾಡಿದ್ದಾರೆ. ಸಾಯಿಸುವುದು ಹೌದು. ಆದರೆ ಅದು ನಿಮ್ಮ ಬೆಳೆಯನ್ನೂ ಬಿಡುವುದಿಲ್ಲ. ತೋಟದ ಹತ್ತಿರ ಆ ಸಹವಾಸ ಬೇಡ.

ಹಾಗಾದರೆ ನೀವು ಮಾಡಬೇಕಾದದ್ದು ಕೈ ಕೆಲಸವೇ. ಆದರೆ ಸರಿಯಾದ ಹೊತ್ತಿನಲ್ಲಿ. ಹೂ ಬಿಡುವ ಮೊದಲು ಮುಗಿಸಬೇಕು, ಮಳೆ ಇನ್ನೂ ಇದ್ದು ನೆಲ ಮೆತ್ತಗಿರುವಾಗ. ಭೂಮಧ್ಯರೇಖೆಯ ಉತ್ತರಕ್ಕೆ ಸಾಮಾನ್ಯವಾಗಿ ಅಕ್ಟೋಬರ್ ನಂತರ ಹೂ ಶುರು. ಹೂ ಬಂದ ಮೇಲೆ ಎಳೆದಾಡಿದರೆ ಬೀಜ ನೀವೇ ಉದುರಿಸಿದಂತೆ. ಬಾಳೆ ಮೇಲಿನ ಬಳ್ಳಿಯನ್ನು ಎಳೆಯಬೇಡಿ, ಎಲೆ ಹರಿಯುತ್ತದೆ, ಬಳ್ಳಿ ತುಂಡಾಗುತ್ತದೆ. ಸೊಂಟದೆತ್ತರದಲ್ಲಿ ಕತ್ತರಿಸಿ, ಮೇಲಿನ ಭಾಗ ಎಲ್ಲೂ ನೆಲಕ್ಕೆ ತಾಗದ ಹಾಗೆ ಬಿಟ್ಟರೆ ಅಲ್ಲೇ ಒಣಗುತ್ತದೆ. ಕೆಳಗಿನ ಭಾಗದ ಜಾಡು ಹಿಡಿದು ಹೋಗಿ. ನೆಲದ ಮೇಲೆ ಹರಿದ ಕಾಂಡ ಅಲ್ಲಲ್ಲಿ ಬೇರು ಬಿಟ್ಟಿರುತ್ತದೆ. ಒಂದೊಂದು ಗೆಣ್ಣನ್ನೂ ಗುದ್ದಲಿಯ ತುದಿಯಿಂದ ಎಬ್ಬಿಸಿ ತೆಗೆಯಿರಿ. ಬೇರು ಆಳಕ್ಕಿಲ್ಲ, ಶ್ರಮ ಇರುವುದು ಹುಡುಕುವುದರಲ್ಲಿ.

ಕಿತ್ತದ್ದನ್ನು ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಬಂಡೆಯ ಮೇಲೆ ಹರಡಿ, ಮುರಿದರೆ ಸದ್ದು ಬರುವಷ್ಟು ಒಣಗಿಸಿ. ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ. ತೋಡಿಗೆ, ಹೊಳೆಗೆ ಎಸೆಯಲೇಬೇಡಿ, ಕೆಳಗಿನ ತೋಟದವರಿಗೆ ಕಳಿಸಿಕೊಟ್ಟಂತೆ ಆಗುತ್ತದೆ. ಮೇವಿಗೆ, ಔಷಧಿಗೆ ಬಳಸಿ ಖಾಲಿ ಮಾಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಫಿಜಿಯಲ್ಲಿ ಗಾಯಕ್ಕೆ ಇದರ ಸೊಪ್ಪಿನ ರಸ ಹಚ್ಚುವ ರೂಢಿ ಇದೆ. ಆದರೆ ಬಳಕೆಯಿಂದ ಈ ಬಳ್ಳಿ ಎಲ್ಲೂ ಕಡಿಮೆಯಾಗಿಲ್ಲ. ಹೊರೆ ಕಟ್ಟಿ ಸಾಗಿಸುವಾಗ ದಾರಿಯುದ್ದಕ್ಕೂ ತುಂಡು ಬೀಳುತ್ತದೆ, ಅಷ್ಟೇ.

ಬೆಂಕಿ ಹಚ್ಚುವುದೂ ಬೇಡ. ಮೇಲಿನದು ಸುಡುತ್ತದೆ, ಬುಡ ಚಿಗುರುತ್ತದೆ, ನೆಲ ಬಯಲಾಗಿ ಬೀಜಗಳಿಗೆ ಬಿಸಿಲು ಸಿಗುತ್ತದೆ. ಕಳೆನಾಶಕದ ವಿಷಯ ಚುಟುಕಾಗಿ ಹೇಳುತ್ತೇನೆ. ತಗುಲಿದ ಎಲೆಯನ್ನಷ್ಟೇ ಸುಡುವ ಔಷಧಿಯಿಂದ ಪ್ರಯೋಜನ ಇಲ್ಲ, ಮತ್ತೆ ಚಿಗುರುತ್ತದೆ. ಗ್ಲೈಫೋಸೇಟ್‌ನಂತೆ ಬೇರಿನವರೆಗೆ ಇಳಿಯುವವು ಕೆಲಸ ಮಾಡುತ್ತವೆ, ಆದರೆ ಬಾಳೆಯನ್ನೂ ಸಾಯಿಸುತ್ತವೆ. ಬೆಳೆ ಇಲ್ಲದ ಬೇಲಿ ಬದಿಗೆ ಮಾತ್ರ, ನಿಮ್ಮಲ್ಲಿ ಅದರ ಬಳಕೆಗೆ ಅನುಮತಿ ಇದ್ದರೆ ಮಾತ್ರ.

ಒಮ್ಮೆ ಕಿತ್ತರೆ ಮುಗಿಯುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಹೋಗಿ ಉಳಿದ ತುಂಡುಗಳ ಚಿಗುರು ತೆಗೆಯಬೇಕು. ಪಕ್ಕದ ಜಮೀನಿನಲ್ಲಿ ಬಳ್ಳಿ ಹೂ ಬಿಡುತ್ತಿದ್ದರೆ ಅವರನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ವರ್ಷ ಗಾಳಿಯಲ್ಲಿ ಹೊಸ ಬೀಜ ಬರುತ್ತಲೇ ಇರುತ್ತದೆ. ಮುಖ್ಯವಾಗಿ, ಕಿತ್ತ ಜಾಗವನ್ನು ಬರಿದಾಗಿ ಬಿಡಬೇಡಿ. ಬಾಳೆಯ ನಡುವೆ ಗೆಣಸು ಹಾಕಿ ನೋಡಿ. ಚೀನಾದ ಯುನ್ನಾನ್‌ನಲ್ಲಿ ಎರಡನ್ನೂ ಒಟ್ಟಿಗೆ ಬೆಳೆಸಿದ ಪ್ರಯೋಗಗಳಲ್ಲಿ ಗೆಣಸಿನ ಬಳ್ಳಿ ಮಿಕಾನಿಯಾವನ್ನು ಹತ್ತಿಕ್ಕಿದ್ದು ಕಂಡುಬಂದಿದೆ. ನೆಲ ಬೇಗ ಮುಚ್ಚುತ್ತದೆ, ಬೀಜಕ್ಕೆ ಬೆಳಕು ಸಿಗುವುದಿಲ್ಲ, ಮೇಲಾಗಿ ಗಡ್ಡೆಯೂ ಸಿಗುತ್ತದೆ. ದೊಡ್ಡ ಸ್ವಚ್ಛತೆ ಮುಗಿದ ಕೂಡಲೇ, ನೆಲದಲ್ಲಿ ತೇವ ಇರುವಾಗಲೇ ಒತ್ತೊತ್ತಾಗಿ ನೆಡಿ. ಅದು ನೆಲ ಪೂರ್ತಿ ಮುಚ್ಚುವ ತನಕ ನಡುವೆ ತಲೆ ಎತ್ತುವ ಮಿಕಾನಿಯಾ ಕುಡಿಗಳನ್ನು ಕೀಳುತ್ತಿರಿ. ಎರಡರ ಎಲೆಯೂ ಹೃದಯದ ಆಕಾರದ್ದೇ, ಆದರೆ ಗೆಣಸಿನ ಎಲೆ ಒಂದೊಂದಾಗಿ ಬಿಡುತ್ತದೆ, ಮಿಕಾನಿಯಾದ್ದು ಜೋಡಿಯಾಗಿ. ಅದನ್ನು ನೋಡಿಕೊಂಡು ಕಿತ್ತರೆ ಗೆಣಸಿಗೆ ಪೆಟ್ಟಾಗುವುದಿಲ್ಲ.